ಸೋಂಪುರದಿಂದ ನೆಲಮಂಗಲ ಕೋರ್ಟಿನವರೆಗೆ

ತುಮಕೂರು ಹೆದ್ದಾರಿಯಲ್ಲಿ ಬೆಂಗಳೂರು ಬಿಟ್ಟು ಐವತ್ತು ಕಿಲೋಮೀಟರ್ ಹತ್ತಿರ ಬಂದರೆ ದಾಬಸ್‌ಪೇಟೆ. ಡಾಬ್ಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು ಹೊತ್ತ ಪೇಟೆ. ಆದರೆ ಹೋಬಳಿಯ ಹೆಸರು ಸೋಂಪುರ. ಪಹಣಿಯಲ್ಲಿ ಸೋಂಪುರ ಹೋಬಳಿ, ನೆಲಮಂಗಲ ತಾಲ್ಲೂಕು ಎಂದೇ ಬರುತ್ತದೆ. ಕೆಐಎಡಿಬಿ ಫಲಕಗಳ ಮೇಲೂ ಸೋಂಪುರ ಕೈಗಾರಿಕಾ ಪ್ರದೇಶ. ಬೆಳಿಗ್ಗೆ ಎಂಟರ ಹೊತ್ತಿಗೆ ಇಲ್ಲಿನ ಮೇಲ್ಸೇತುವೆಯ ಕೆಳಗೆ ನಿಂತರೆ ಇಡೀ ಹೋಬಳಿ ಕಣ್ಣಮುಂದೆ ಹಾದುಹೋಗುತ್ತದೆ. ಟಿಫಿನ್ ಡಬ್ಬಿ ಹಿಡಿದು ಫ್ಯಾಕ್ಟರಿ ವ್ಯಾನ್ ಹತ್ತುವ ಹೆಣ್ಣುಮಕ್ಕಳು, ರಾತ್ರಿ ಪಾಳಿ ಮುಗಿಸಿ ಟೀ ಅಂಗಡಿ ಮುಂದೆ ನಿಂತ ಗಂಡಸರು, ಶಿವಗಂಗೆಗೆ ಆಟೊ ಕೇಳುವ ಭಕ್ತರು, ದೊಡ್ಡಬಳ್ಳಾಪುರ ರಸ್ತೆಗೆ ತಿರುಗುವ ಕಂಟೇನರ್ ಲಾರಿಗಳು, ಅವುಗಳ ನಡುವೆ ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡು.

ನಾನು ಬಂದದ್ದು ಕಾನೂನು ಓದುತ್ತಿರುವ ಹುಡುಗಿಯೊಬ್ಬಳ ಜೊತೆ ಓಡಾಡಲು. ಐದು ವರ್ಷದ ಕೋರ್ಸಿನಲ್ಲಿ ನಾಲ್ಕನೇ ವರ್ಷ. ಬಾರ್ ಕೌನ್ಸಿಲಿನ 2008ರ ನಿಯಮದ ಪ್ರಕಾರ ಐದು ವರ್ಷದ ಕೋರ್ಸಿನವರು ಕನಿಷ್ಠ 20 ವಾರ, ಮೂರು ವರ್ಷದವರು 12 ವಾರ ಇಂಟರ್ನ್‌ಶಿಪ್ ಮಾಡಲೇಬೇಕು. ಅವಳ ಸಹಪಾಠಿಗಳಲ್ಲಿ ಹೆಚ್ಚಿನವರು ಹೈಕೋರ್ಟಿನ ದೊಡ್ಡ ವಕೀಲರ ಕಚೇರಿಗೋ ಕಂಪನಿಗಳ ಲೀಗಲ್ ವಿಭಾಗಕ್ಕೋ ಹೋಗಿದ್ದಾರೆ. ಇವಳು ಕೇಳಿಕೊಂಡು ಬಂದದ್ದು ತಾಲ್ಲೂಕಿನಲ್ಲಿ ಕಾನೂನು ನೆರವಿನ ಕೇಸುಗಳನ್ನು ನಡೆಸುವ ಹಿರಿಯ ವಕೀಲೆಯೊಬ್ಬರ ಬಳಿಗೆ. ಕೆಲಸ ಏನೆಂದರೆ, ಮನೆಯೊಳಗೆ ಹೊಡೆತ ತಿಂದು ಕಾನೂನಿನ ಬಾಗಿಲು ತಟ್ಟಲು ಬಂದ ಹೆಂಗಸಿನ ಪಕ್ಕದಲ್ಲಿ ಮೊದಲ ದಿನದಿಂದ ಆದೇಶ ಕೈಗೆ ಬರುವವರೆಗೂ ಇರುವುದು. ಹುಡುಗಿಯ ಹೆಸರಾಗಲಿ ವಕೀಲೆಯ ಹೆಸರಾಗಲಿ ಇಲ್ಲಿ ಬೇಡ. ಕಷ್ಟ ಹೇಳಿಕೊಂಡ ಹೆಣ್ಣುಮಕ್ಕಳ ಗುರುತಂತೂ ಬೇಡವೇ ಬೇಡ. ಊರು, ಬೀದಿ, ಮಕ್ಕಳ ಸಂಖ್ಯೆಯನ್ನೂ ಬೇಕೆಂದೇ ಬಿಟ್ಟಿದ್ದೇನೆ.

ಮೊದಲು ನಡೆದದ್ದು ಕೈಗಾರಿಕಾ ಪ್ರದೇಶದ ಬೆನ್ನಿಗಿರುವ ಬಾಡಿಗೆ ಸಾಲುಮನೆಗಳ ಕಡೆಗೆ. ಒಂದೊಂದು ಸಾಲಿನಲ್ಲಿ ಆರೆಂಟು ಶೀಟಿನ ಮನೆ, ಒಂದು ನಲ್ಲಿ, ಒಂದೋ ಎರಡೋ ಕಕ್ಕಸು. ಗೋಡೆ ಎಷ್ಟು ತೆಳುವೆಂದರೆ ಪಕ್ಕದ ಮನೆಯ ಮಿಕ್ಸಿ ಶಬ್ದ ಇಲ್ಲಿ ಕೇಳುತ್ತದೆ, ಏಟಿನ ಶಬ್ದವೂ. ಎಲ್ಲರಿಗೂ ಗೊತ್ತು, ಯಾರೂ ಹೋಗುವುದಿಲ್ಲ. "ಗಂಡ ಹೆಂಡ್ತಿ ಜಗಳ, ನಾವ್ಯಾಕೆ ಮಧ್ಯಕ್ಕೆ" ಅನ್ನುತ್ತಾರೆ. ಮಾತಾಡುವ ಧೈರ್ಯ ಮಾಡಿದವರು ಇಲ್ಲಿನ ಅಂಗನವಾಡಿ ಟೀಚರ್. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಮಿನಂತೆ ಹಿಂಸೆ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯಬಹುದು ಎಂದು ಅನ್ನಿಸಿದ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರುವುದಿಲ್ಲ. ಈ ಒಂದು ಕಲಮು ಪ್ರತಿ ಹಳ್ಳಿಯ ಅಂಗನವಾಡಿ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇರಬೇಕು ಎಂದು ನನಗನ್ನಿಸಿತು. ಪಕ್ಕದ ಮನೆಯವರ ಬಾಯಿ ಕಟ್ಟಿರುವುದು ನಿರ್ದಯೆ ಅಲ್ಲ, ಕೋರ್ಟು ಕಚೇರಿಯ ಭಯ.

ಅಂಗನವಾಡಿಯ ಮಕ್ಕಳು ಊಟ ಮುಗಿಸಿ ಮಲಗಿದ ಮೇಲೆ, ಟೀಚರ್ ಯಾರ ಬಗ್ಗೆ ಹೇಳಿದ್ದರೋ ಆ ಹೆಂಗಸು ಬಂದರು. ಚಾಪೆಯ ಮೇಲೆ ಮೂವರು ಕೂತೆವು. ಹುಡುಗಿಯ ಫೈಲಿನಲ್ಲಿ ಡಿ.ಐ.ಆರ್. ನಮೂನೆ ಇತ್ತು, ಕಾಯ್ದೆಯ ನಿಯಮಗಳಲ್ಲಿ ಅದು 1ನೇ ನಮೂನೆ, ಮನೆಯಲ್ಲಿ ನಡೆದ ಹಿಂಸೆಯ ವರದಿ. ಅದನ್ನು ಸಿದ್ಧಪಡಿಸಿ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕಾದವರು ಸಂರಕ್ಷಣಾಧಿಕಾರಿ. ಆದರೆ ಅವರ ಕಚೇರಿಗೆ ಹೋಗಿ ಹತ್ತು ಜನರ ನಡುವೆ ಕೂತಾಗ ಹೆಂಗಸಿನ ಬಾಯಿಂದ ಮಾತೇ ಹೊರಡುವುದಿಲ್ಲ. ಅದಕ್ಕೆ ಇಲ್ಲೇ, ಪರಿಚಿತ ಜಾಗದಲ್ಲಿ, ನಿಧಾನವಾಗಿ ಕೇಳಿ ಟಿಪ್ಪಣಿ ಮಾಡಿಕೊಳ್ಳುವುದು. ಹುಡುಗಿ ಫೈಲು ತೆರೆಯಲೇ ಇಲ್ಲ. ಅರ್ಧ ಗಂಟೆ ಬರೀ ಕೇಳಿಸಿಕೊಂಡಳು. ಆಮೇಲೆ, "ಅಕ್ಕ, ಈಗ ಬರ್ಕೊಳ್ಳಾ?" ಎಂದು ಕೇಳಿ ಪೆನ್ನು ತೆಗೆದಳು.

ನಮೂನೆ ಕೇಳುವುದು ದಿನಾಂಕ, ಸ್ಥಳ, ಸಮಯ. ಆಕೆ ಹೇಳಿದ್ದು: "ದಿನಾ ಒಡೀತಾನೆ ಕಣವ್ವಾ. ಯಾವತ್ತು ಅಂತ ಏಳ್ಲಿ ನಿಂಗೆ?"

ಇಲ್ಲಿಯೇ ಈ ಕೆಲಸದ ಕಸುಬು ಇರುವುದು. ದಿನವೂ ಬೀಳುವ ಏಟಿಗೆ ತಾರೀಖು ಇರುವುದಿಲ್ಲ. ಆದರೆ ಹೆಂಗಸಿನ ನೆನಪಿಗೆ ಬೇರೆ ಕ್ಯಾಲೆಂಡರ್ ಇದೆ. ಹುಡುಗಿ ಕೇಳುತ್ತಾ ಹೋದಳು. ಆಗ ಹಬ್ಬ ಏನಾದರೂ ಇತ್ತಾ? ಶಿವಗಂಗೆ ಜಾತ್ರೆಗೆ ಮುಂಚೆಯೋ ಆಮೇಲೋ? ಸಂಬಳ ಆದ ದಿನವಾ? ಮಗುವಿಗೆ ಸೂಜಿ ಹಾಕಿಸಿದ ವಾರವಾ? ಆ ಕೊನೆಯ ಪ್ರಶ್ನೆಗೆ ಆಕೆ ಎದ್ದು ಹೋಗಿ ತಾಯಿ ಕಾರ್ಡು ತಂದರು. ಕಾರ್ಡಿನಲ್ಲಿ ಚುಚ್ಚುಮದ್ದಿನ ತಾರೀಖು, ಆಸ್ಪತ್ರೆಯ ಸೀಲು. "ಮಗೀಗೆ ಸೂಜಿ ಆಕ್ಸಿ ಜ್ವರ ಬಂದಿತ್ತಲ್ಲ, ಆವತ್ತು ರಾತ್ರಿ ಅಳ್ತು ಅಂತ ಎದ್ದು ಇಬ್ರಿಗೂ ಬಿಟ್ಟ." ಸಂಕ್ರಾಂತಿಗೆ ಶಿವಗಂಗೆಯ ಜಾತ್ರೆ, ಜಾತ್ರೆಗೆ ತವರಿನವರು ಬಂದು ಹೋದ ಮಾರನೇ ದಿನದ್ದು ಇನ್ನೊಂದು. ಸಂಬಳದ ಎಸ್‌ಎಂಎಸ್ ನೋಡಿ ಮತ್ತೊಂದು. ಹೀಗೆ ಒಂದು ಪುಟ ತುಂಬಿತು, ಪ್ರತಿಯೊಂದಕ್ಕೂ ಒಂದು ಆಧಾರ.

ಅವಳು ಬರೆದುಕೊಂಡ ವಾಕ್ಯಗಳನ್ನು ನಾನು ಬಗ್ಗಿ ಓದಿದೆ. "ಊದುಕೊಳವೆಯಿಂದ ಎಡಗೈ ಮೊಣಕೈಗೆ ಹೊಡೆದರು. ಎರಡು ದಿನ ಮುದ್ದೆ ತಿರುವಲು ಆಗಲಿಲ್ಲ." ಅಷ್ಟೇ. ಅರ್ಜಿಗಳಲ್ಲಿ ಸಾಮಾನ್ಯವಾಗಿ ಕಾಣುವುದು "ಎದುರುದಾರರು ಅರ್ಜಿದಾರಳಿಗೆ ಮಾನಸಿಕವಾಗಿಯೂ ದೈಹಿಕವಾಗಿಯೂ ಕಿರುಕುಳ ನೀಡಿರುತ್ತಾರೆ" ಎಂಬ ಅಚ್ಚು ಹೊಡೆದ ಸಾಲು. ಸಾವಿರ ಅರ್ಜಿಗಳಲ್ಲಿ ಅದೇ ಸಾಲು ಇದ್ದರೆ ಅದನ್ನು ಓದುವ ನ್ಯಾಯಾಧೀಶರಿಗೆ ಯಾವ ಹೆಂಗಸೂ ಕಾಣುವುದಿಲ್ಲ. ಮುದ್ದೆ ತಿರುವಲಾಗದ ಕೈ ಕಾಣುತ್ತದೆ. ಕಾಯ್ದೆಯ 23ನೇ ಕಲಮಿನಲ್ಲಿ, ಎದುರು ಪಕ್ಷ ಹಾಜರಾಗುವ ಮೊದಲೇ, ಹೆಂಗಸಿನ ಪ್ರಮಾಣಪತ್ರವೊಂದನ್ನೇ ನಂಬಿ ಮಧ್ಯಂತರ ಆದೇಶ ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಆ ಪ್ರಮಾಣಪತ್ರದ ಬಲವೆಲ್ಲ ಇಂಥ ವಿವರದಲ್ಲೇ ಇದೆ. ಇಂಟರ್ನ್ ಒಬ್ಬಳು ಮಾಡಬಹುದಾದ ಅತಿ ದೊಡ್ಡ ಕೆಲಸ ಇದು, ಹೆಂಗಸು ಹೇಳಿದ್ದನ್ನು ಅವಳ ಮಾತಿನಲ್ಲೇ ಕಾಗದಕ್ಕೆ ಇಳಿಸುವುದು. ಇದಕ್ಕೆ ಕಪ್ಪು ಕೋಟು ಬೇಡ, ಸನ್ನದು ಬೇಡ. ಕಿವಿ ಬೇಕು, ಒಳ್ಳೆಯ ಕನ್ನಡ ಬೇಕು.

ಅದೇ ನಮೂನೆಯಲ್ಲಿ ಹಿಂಸೆಯ ಬಗೆಗಳ ಪಟ್ಟಿಯೊಂದಿದೆ. ದೈಹಿಕ, ಲೈಂಗಿಕ, ಬಾಯಿಮಾತಿನ ಮತ್ತು ಭಾವನಾತ್ಮಕ, ಆರ್ಥಿಕ. ಬೈಗುಳದ ಕೆಳಗೆ ಒಂದು ಸಾಲು: ಗಂಡು ಮಗು ಹೆರಲಿಲ್ಲವೆಂದು ಹಂಗಿಸುವುದು. ಆ ಸಾಲು ಓದಿದಾಗ ಆಕೆ ತಲೆ ಎತ್ತಿ, "ಅದೂನೂವಾ ಕೇಸಲ್ಲಿ ಬತ್ತದಾ?" ಎಂದು ಕೇಳಿದರು. ಬರುತ್ತದೆ. ಏಟೊಂದೇ ಹಿಂಸೆ ಎಂದು ತಿಳಿದಿದ್ದ ಆಕೆಗೆ ಇದು ಆ ದಿನದ ದೊಡ್ಡ ಸುದ್ದಿ. ಇಲ್ಲಿಂದ ಹತ್ತಿರದಲ್ಲೇ ಶಿವಗಂಗೆಯ ಬೆಟ್ಟ. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಹೇಗೆ ತೀರಿಕೊಂಡಳೆಂಬುದಕ್ಕೆ ಜನ ತಮ್ಮದೇ ಕಥೆ ಕಟ್ಟಿಕೊಂಡಿದ್ದಾರೆ: ಗಂಡು ಸಂತಾನವಿಲ್ಲವೆಂಬ ಕೊರಗಿನಲ್ಲಿ ಬೆಟ್ಟದಿಂದ ಹಾರಿದಳಂತೆ. ಬೆಟ್ಟ ಹತ್ತಿದವರಿಗೆ ಆ ಜಾಗವನ್ನು ಇವತ್ತಿಗೂ ತೋರಿಸುತ್ತಾರೆ. ರಾಣಿಯ ಸಾವಿಗೂ ಜನರಿಗೆ ಹೊಳೆದ ಕಾರಣ ಅದೊಂದೇ ಎಂದರೆ, ಆ ಹಂಗಿಸುವಿಕೆ ಈ ಸೀಮೆಯಲ್ಲಿ ಎಷ್ಟು ಹಳೆಯದು ನೋಡಿ.

ಆರ್ಥಿಕ ಹಿಂಸೆಯ ಪಟ್ಟಿ ಸೋಂಪುರಕ್ಕೆಂದೇ ಬರೆದಂತಿದೆ. ಸಂಬಳ ಕಿತ್ತುಕೊಳ್ಳುವುದು, ಕೆಲಸಕ್ಕೆ ಹೋಗದಂತೆ ತಡೆಯುವುದು, ಬಾಡಿಗೆ ಕಟ್ಟದಿರುವುದು, ಮನೆಯಿಂದ ಹೊರಗೆ ಹಾಕುವುದು. ಇಲ್ಲಿ ಫ್ಯಾಕ್ಟರಿಗೆ ಹೋಗುವ ಎಷ್ಟೋ ಹೆಣ್ಣುಮಕ್ಕಳ ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿರುತ್ತದೆ. ದುಡಿಯುವ ಹೆಣ್ಣು ಸ್ವತಂತ್ರಳು ಎಂದು ನಾವು ಪಟ್ಟಣದವರು ಸಲೀಸಾಗಿ ಹೇಳಿಬಿಡುತ್ತೇವೆ. ಸಂಬಳ ಅವಳ ಖಾತೆಗೆ ಬೀಳುತ್ತದೆ ನಿಜ, ಪಿನ್ ನಂಬರ್ ಮಾತ್ರ ಅವನಿಗೆ ಗೊತ್ತು. ಪಡಿತರ ಚೀಟಿಯಲ್ಲಿ ಯಜಮಾನಿ ಅತ್ತೆಯಾಗಿದ್ದರೆ ಗೃಹಲಕ್ಷ್ಮಿಯ ಎರಡು ಸಾವಿರವೂ ಅತ್ತೆಯ ಖಾತೆಗೇ ಹೋಗುತ್ತದೆ.

ಇನ್ನೊಂದು ದಿನ ಬೆಳಿಗ್ಗೆ ನೆಲಮಂಗಲಕ್ಕೆ ಬಸ್ಸು ಹಿಡಿದೆವು. 2023ರ ಜೂನಿನಲ್ಲಿ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ಕೋರ್ಟಿಗೆ ಅಲೆಯುವ ಹೆಂಗಸರಿಗೆ ಆದ ಉಪಕಾರ ಸಣ್ಣದಲ್ಲ. ಮೊದಲು ಪ್ರತಿ ವಾಯಿದೆಗೂ ಬಸ್ ಚಾರ್ಜಿಗೆ ಗಂಡನ ಮುಂದೆಯೋ ಅಣ್ಣನ ಮುಂದೆಯೋ ಕೈಯೊಡ್ಡಬೇಕಿತ್ತು. ಆದರೆ ಉಟ್ಟ ಬಟ್ಟೆಯಲ್ಲಿ ರಾತ್ರೋರಾತ್ರಿ ಹೊರಬಿದ್ದವಳ ಕೈಯಲ್ಲಿ ಆಧಾರ್ ಇರುವುದಿಲ್ಲ. ಆಧಾರ್ ಇಲ್ಲದಿದ್ದರೆ ಉಚಿತ ಟಿಕೆಟ್ಟೂ ಕಷ್ಟ, ಬ್ಯಾಂಕೂ ಕಷ್ಟ, ಮಕ್ಕಳ ಶಾಲೆಯ ಟಿ.ಸಿ.ಯೂ ಕಷ್ಟ. ಅದಕ್ಕೇ ಕಾಯ್ದೆಯ ನಿಯಮಗಳಲ್ಲಿ 5ನೇ ನಮೂನೆ ಎಂದು ಸುರಕ್ಷತಾ ಯೋಜನೆಯದ್ದೇ ಒಂದಿದೆ. ಮತ್ತೆ ಹೊಡೆತ ಬೀಳುವ ಸೂಚನೆ ಕಂಡರೆ ಏನು ಮಾಡಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನು ಮೊದಲೇ ಕೂತು ಯೋಚಿಸುವ ಕಾಗದ. ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಮದುವೆಯ ಫೋಟೊ, ತಾಯಿ ಕಾರ್ಡು, ಮಾತ್ರೆ ಚೀಟಿ, ಇವುಗಳ ಜೆರಾಕ್ಸ್ ಮಾಡಿಸಿ ನಂಬಿಕಸ್ಥರ ಮನೆಯಲ್ಲಿ ಇಡಿಸುವುದು ಹುಡುಗಿ ಮೊದಲ ದಿನವೇ ಮಾಡುವ ಕೆಲಸ. ಫೋನಿನಲ್ಲಿ ಅವಳ ನಂಬರ್ "ಟೈಲರ್ ಅಕ್ಕ" ಎಂದೋ "ಸಂಘದ ಮೇಡಂ" ಎಂದೋ ಸೇವ್ ಆಗುತ್ತದೆ.

ಟಿ. ಬೇಗೂರು ದಾಟುವಾಗ ಅವಳೊಂದು ಮಾತು ಹೇಳಿದಳು. ಕಾಲೇಜಿನಲ್ಲಿ ಈ ಕಾಯ್ದೆಯನ್ನು ಒಂದೇ ಪಾಠದಲ್ಲಿ ಮುಗಿಸಿದ್ದರಂತೆ. ರಾಷ್ಟ್ರಪತಿಗಳ ಅಂಕಿತ 2005ರ ಸೆಪ್ಟೆಂಬರ್ 13, ಜಾರಿ 2006ರ ಅಕ್ಟೋಬರ್ 26, ಕಲಮು 18 ರಕ್ಷಣೆ, 19 ವಾಸ, 20 ಹಣ, 21 ಮಕ್ಕಳು, 22 ಪರಿಹಾರ. ಪರೀಕ್ಷೆಗೆ ಅಷ್ಟು ಸಾಕು. "ಇಲ್ಲಿಗೆ ಬಂದ್ಮೇಲೆ ಗೊತ್ತಾಯ್ತು ಮೇಡಂ, ಹತ್ತೊಂಬತ್ತು ಅಂದ್ರೆ ರಾತ್ರಿ ಮಲಗೋಕೆ ಜಾಗ." ಇದು ಸರಿಯಾದ ವ್ಯಾಖ್ಯಾನ. ಈ ಜಾಗದ ವಿಷಯದಲ್ಲಿ ಸುಪ್ರೀಂ ಕೋರ್ಟೇ ದಾರಿ ಬದಲಿಸಿದೆ. 2006ರ ಬಾತ್ರಾ ತೀರ್ಪಿನ ಪ್ರಕಾರ ಅತ್ತೆ ಮಾವನ ಹೆಸರಿನ ಮನೆಯಲ್ಲಿ ವಾಸದ ಹಕ್ಕು ಕೇಳಲು ಸೊಸೆಗೆ ಬರುತ್ತಿರಲಿಲ್ಲ. ಹಳ್ಳಿಯಲ್ಲಿ ಮನೆ ಯಾರ ಹೆಸರಿನಲ್ಲಿರುತ್ತದೆ? ಮಾವನದೋ ಮಾವನ ಅಪ್ಪನದೋ. ಅಂದರೆ ಹಳ್ಳಿಯ ಸೊಸೆಗೆ ಆ ಕಲಮು ಇದ್ದೂ ಇಲ್ಲದಂತೆ. 2020ರ ಅಕ್ಟೋಬರ್ 15ರಂದು ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ತಳ್ಳಿಹಾಕಿ, ಮನೆ ಗಂಡನ ಸಂಬಂಧಿಕರದ್ದಾಗಿದ್ದರೂ ಆಕೆ ಅಲ್ಲಿ ಸಂಸಾರ ಮಾಡಿಕೊಂಡಿದ್ದರೆ ಅದು ಕೂಡುಮನೆಯೇ ಎಂದಿತು. ದೆಹಲಿಯ ಒಂದು ಮನೆಯ ಜಗಳದಿಂದ ಬಂದ ಈ ತೀರ್ಪು ಸೋಂಪುರದಂಥ ಹೋಬಳಿಗಳಿಗೆ ಎಷ್ಟು ಮುಖ್ಯವೆಂಬುದು ನಮ್ಮಲ್ಲಿ ಇನ್ನೂ ಸಾಕಷ್ಟು ಚರ್ಚೆಯಾಗಿಲ್ಲ.

ನೆಲಮಂಗಲದಲ್ಲಿ ಮೊದಲು ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ ಅವರ ಕೆಲಸ. ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದ ಸಂರಕ್ಷಣಾಧಿಕಾರಿ ಅವರೇ. ಈ ವ್ಯವಸ್ಥೆಯ ಬಗ್ಗೆ ನನಗೆ ಇರುವ ತಕರಾರು ಯಾವುದೇ ಒಂದು ಕಚೇರಿಯ ಮೇಲಲ್ಲ, ಇಡೀ ರಾಜ್ಯದ ಏರ್ಪಾಡಿನ ಮೇಲೆ. ಒಬ್ಬ ಅಧಿಕಾರಿಯ ತಲೆಯ ಮೇಲೆ ತಾಲ್ಲೂಕಿನ ಅಷ್ಟೂ ಅಂಗನವಾಡಿ, ಪೌಷ್ಟಿಕ ಆಹಾರ, ಮೊಟ್ಟೆಯ ಲೆಕ್ಕ, ಗೃಹಲಕ್ಷ್ಮಿ ಅರ್ಜಿ, ಬಾಲ್ಯವಿವಾಹ ತಡೆ. ಅದರ ಜೊತೆಗೇ ಹೆಂಗಸಿನ ಮನೆಯ ಹಿಂಸೆಯ ವರದಿ, ವೈದ್ಯಕೀಯ ತಪಾಸಣೆಗೆ ಕಳಿಸುವುದು, ಆಶ್ರಯ ಹುಡುಕುವುದು, ಎರಡು ದಿನದೊಳಗೆ ನೋಟಿಸು ತಲುಪಿಸುವುದು, ಆದೇಶ ಪಾಲನೆಯಾಗಿದೆಯೇ ಎಂದು ನೋಡುವುದು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ ನೇಮಿಸಿ ಎಂದು ಎಲ್ಲ ರಾಜ್ಯಗಳಿಗೂ ಹೇಳಬೇಕಾಯಿತು. ಗುರುತಿಸುವುದರಿಂದ ಆಗದು. ಈ ಕೆಲಸಕ್ಕೇ ಮೀಸಲಾದ ಅಧಿಕಾರಿ ಪ್ರತಿ ತಾಲ್ಲೂಕಿಗೂ ಬೇಕು. ಅಲ್ಲಿಯವರೆಗೆ ಟಿಪ್ಪಣಿ ಸಿದ್ಧಮಾಡಿ ತರುವ ಒಬ್ಬ ಇಂಟರ್ನ್ ಅಧಿಕಾರಿಯ ಅರ್ಧ ದಿನ ಉಳಿಸಿಕೊಡುತ್ತಾಳೆ, ಹೆಂಗಸಿನ ಒಂದು ವಾರ ಉಳಿಸಿಕೊಡುತ್ತಾಳೆ.

ಕೋರ್ಟಿನ ಆವರಣ ಹನ್ನೊಂದು ಗಂಟೆಗೆ ತುಂಬಿರುತ್ತದೆ. ನೋಟರಿ, ಟೈಪಿಸ್ಟು, ಜೆರಾಕ್ಸಿನವರು, ಜಮೀನು ವ್ಯಾಜ್ಯದ ಕಟ್ಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡ ರೈತರು. ಈ ತಾಲ್ಲೂಕಿನಲ್ಲಿ ನೆಲದ ಬೆಲೆ ಏರಿದಷ್ಟೂ ಕೋರ್ಟಿನ ಜನಜಂಗುಳಿ ಏರಿದೆ. ಅವರ ನಡುವೆ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಗೋಡೆಗೆ ಒರಗಿ ನಿಂತಿರುವವರು ಕೌಟುಂಬಿಕ ದೌರ್ಜನ್ಯದ ಕೇಸಿನವರು ಎಂದು ಬೇಗ ಗೊತ್ತಾಗುತ್ತದೆ. ಅವತ್ತು ವಾಯಿದೆ ಇದ್ದವರು ಇನ್ನೊಬ್ಬರು, ದುಡಿಯಲು ದೂರದ ಜಿಲ್ಲೆಯಿಂದ ಬಂದವರು. ಮದುವೆಯಾದದ್ದು ಅಲ್ಲಿ, ಗಂಡನ ಮನೆ ಅಲ್ಲಿ. ಆದರೂ ಅರ್ಜಿ ನೆಲಮಂಗಲದಲ್ಲಿ ನಿಲ್ಲುತ್ತದೆ, ಏಕೆಂದರೆ 27ನೇ ಕಲಮಿನಂತೆ ಹೆಂಗಸು ತಾತ್ಕಾಲಿಕವಾಗಿ ವಾಸವಿರುವ ಅಥವಾ ಕೆಲಸಮಾಡುವ ಜಾಗದ ಕೋರ್ಟಿಗೂ ಅಧಿಕಾರವಿದೆ. ವಲಸೆ ಬಂದ ಹೆಣ್ಣುಮಕ್ಕಳು ತುಂಬಿರುವ ಸೋಂಪುರದಂಥ ಜಾಗಕ್ಕೆ ಇದಕ್ಕಿಂತ ಉಪಯೋಗದ ಕಲಮು ಇನ್ನೊಂದಿಲ್ಲ.

ದಲಾಯತ್ ಹೆಸರು ಕೂಗುವವರೆಗೆ ಎರಡು ಗಂಟೆ ಕಾಯಬೇಕಾಯಿತು. ನಿಜವಾದ ಕೇಸು ನಡೆಯುವುದು ಆ ಎರಡು ಗಂಟೆಯಲ್ಲಿ. ಗಂಡನ ಕಡೆಯ ಹಿರಿಯರೊಬ್ಬರು ಬಂದರು. ಧ್ವನಿ ತುಂಬ ಮೃದು. "ನೋಡಮ್ಮ, ಮನೆ ಮಾತು ಬೀದಿಗೆ ಬರಬಾರದು. ಮಕ್ಕಳ ಮುಖ ನೋಡು. ಇವತ್ತು ವಾಪಸ್ ತಗೊಂಡ್ಬಿಡು, ಅವನನ್ನ ನಾನು ನೋಡ್ಕೋತೀನಿ." ಆಕೆಯ ಕಣ್ಣು ನೆಲಕ್ಕಿಳಿಯಿತು. ಹುಡುಗಿ ಜಗಳವಾಡಲಿಲ್ಲ. ಎದ್ದು ಆಕೆಯ ಪಕ್ಕಕ್ಕೆ ಬಂದು ಕೂತಳು, ಮಗುವನ್ನು ತನ್ನ ಮಡಿಲಿಗೆ ತೆಗೆದುಕೊಂಡಳು, "ಸಾರ್, ಮೇಡಂ ಬಂದ ಮೇಲೆ ಅವರ ಹತ್ರಾನೇ ಮಾತಾಡಿ" ಎಂದಳು. ಅಷ್ಟಕ್ಕೆ ಅವರು ಹಿಂದೆ ಸರಿದರು. ಒಂಟಿಯಾಗಿದ್ದರೆ ಆಕೆ ಸಹಿ ಹಾಕಿಬಿಡುತ್ತಿದ್ದರು. ಠಾಣೆಯಲ್ಲಿ ಮುಚ್ಚಳಿಕೆ ಬರೆಸಿ ಕಳಿಸುವುದು, ಊರಿನಲ್ಲಿ ಪಂಚಾಯಿತಿ ಸೇರಿಸಿ ಹೊಂದಿಕೊಂಡು ಹೋಗಿ ಅನ್ನುವುದು, ಕೋರ್ಟಿನ ಮರದ ಕೆಳಗೆ ರಾಜಿ ಮಾಡಿಸುವುದು, ಎಲ್ಲದರಲ್ಲೂ ಎದುರಿಗೆ ಹತ್ತು ಜನ, ಈ ಕಡೆ ಒಬ್ಬಳು. ರಾಜಿ ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ರಾಜಿಗೆ ಇಬ್ಬರು ಸಮಬಲದವರು ಬೇಕು.

ಒಳಗೆ ಇಂಟರ್ನ್ ಬಾಯಿ ತೆರೆಯುವಂತಿಲ್ಲ. 1961ರ ವಕೀಲರ ಕಾಯ್ದೆಯಂತೆ ಸನ್ನದು ಪಡೆದವರಿಗಷ್ಟೇ ವಾದದ ಹಕ್ಕು. ವಾದಿಸಿದ್ದು ಕಾನೂನು ಸೇವಾ ಸಮಿತಿಯಿಂದ ನೇಮಕವಾದ ಸೀನಿಯರ್. ಇದಕ್ಕೆ ಆಕೆ ಒಂದು ಪೈಸೆ ಕೊಡಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಹೆಣ್ಣೆಂಬ ಒಂದೇ ಕಾರಣಕ್ಕೆ ಉಚಿತ ವಕೀಲರು ಸಿಗುತ್ತಾರೆ, ಆದಾಯ ಪ್ರಮಾಣಪತ್ರ ಬೇಡ, ಬಿಪಿಎಲ್ ಕಾರ್ಡು ಬೇಡ. ಕೋರ್ಟಿನಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಬರೆದರೆ ಸಾಕು. ಇದು ಗೊತ್ತಿಲ್ಲದೆ ಓಲೆ, ಉಂಗುರ ಅಡವಿಟ್ಟು ವಕೀಲರಿಗೆ ಫೀಸು ಕಟ್ಟಿದ ಹೆಂಗಸರು ಇದ್ದಾರೆ ಎಂದು ಸೀನಿಯರ್ ಬೇಸರಪಟ್ಟರು.

ಕಾಯ್ದೆಯ ಪ್ರಕಾರ ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದೊಳಗೆ ಮುಗಿಸಲು ಪ್ರಯತ್ನಿಸಬೇಕು. ಈ ಗಡುವು ಪಾಲನೆಯಾಗುವುದು ಅಪರೂಪ. ನೋಟಿಸು ತಲುಪಲಿಲ್ಲ, ವಕಾಲತ್ತು ಹಾಕಲು ಸಮಯ ಬೇಕು, ತಕರಾರು ಸಲ್ಲಿಸಲು ಸಮಯ ಬೇಕು. 2020ರ ನವೆಂಬರಿನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ಆಸ್ತಿ, ಆದಾಯದ ಅಫಿಡವಿಟ್ ಸಲ್ಲಿಸಲೇಬೇಕೆಂದಿತು. ಕೃಷಿಕ ಕುಟುಂಬಗಳಿಗೆ ಬೇರೆಯೇ ಮಾದರಿ ಕೊಟ್ಟಿದೆ. ಅದರಲ್ಲಿ ಜಮೀನು, ಬೆಳೆ, ದನಕರುವಿನ ವಿವರ ಬರೆಯಬೇಕು. ಇಂಟರ್ನ್‌ಗೆ ಇಲ್ಲಿ ಕೈತುಂಬ ಕೆಲಸ. ನಾಡಕಚೇರಿಯಿಂದ ಪಹಣಿ ತೆಗೆಸುವುದು, ಯಾವ ಸರ್ವೆ ನಂಬರು ಕೈಗಾರಿಕೆಗೆ ಹೋಯಿತು, ಪರಿಹಾರದ ಹಣ ಯಾರ ಖಾತೆಗೆ ಬಂತು ಎಂದು ವಿಚಾರಿಸುವುದು. "ನಂಗೇನೂ ಇಲ್ಲ ಸ್ವಾಮಿ, ಕೂಲಿ ಮಾಡ್ತೀನಿ" ಎನ್ನುವ ಗಂಡನ ಮಾತಿಗೆ ಎದುರಾಗಿ ಆ ಒಂದು ಹಾಳೆ ಪಹಣಿ ನಿಲ್ಲುತ್ತದೆ.

ಆದೇಶ ಬಂದರೂ ದುಡ್ಡು ಬರಬೇಕಲ್ಲ. ಸಂಜೆ ಸೋಂಪುರಕ್ಕೆ ಮರಳಿ ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ ನಡೆದದ್ದು ಅದಕ್ಕಾಗಿ. ಗಂಡ ಜೀವನಾಂಶ ಕಟ್ಟದಿದ್ದರೆ 20(6)ನೇ ಕಲಮಿನಂತೆ ಅವನ ಸಂಬಳದ ಒಂದು ಭಾಗವನ್ನು ನೇರವಾಗಿ ಹೆಂಡತಿಗೆ ಕೊಡಿ ಅಥವಾ ಕೋರ್ಟಿಗೆ ಕಟ್ಟಿ ಎಂದು ಮ್ಯಾಜಿಸ್ಟ್ರೇಟರು ಅವನ ಮಾಲೀಕರಿಗೆ ಆದೇಶಿಸಬಹುದು. ಕಾರ್ಖಾನೆಗಳ ನಾಡಿನಲ್ಲಿ ಇದು ಬ್ರಹ್ಮಾಸ್ತ್ರ ಆಗಬೇಕಿತ್ತು. ಆದರೆ ಮಾಲೀಕ ಯಾರು? ಗೇಟಿನ ಮೇಲಿನ ಹೆಸರು ಕಂಪನಿಯದು, ಮಸ್ಟರ್ ರೋಲಿನ ಹೆಸರು ಗುತ್ತಿಗೆದಾರನದು, ಆರು ತಿಂಗಳಿಗೆ ಗುತ್ತಿಗೆದಾರ ಬದಲಾಗುತ್ತಾನೆ. ಹುಡುಗಿ ಸೆಕ್ಯೂರಿಟಿಯವರನ್ನು, ಟೀ ಅಂಗಡಿಯವರನ್ನು ಮಾತಾಡಿಸಿ ಗುತ್ತಿಗೆದಾರನ ಹೆಸರು, ಕಚೇರಿಯ ವಿಳಾಸ ಬರೆದುಕೊಂಡಳು. ಪಿಎಫ್ ನಂಬರ್ ಇರುವ ಹಳೆಯ ಸಂಬಳ ಚೀಟಿಯೊಂದು ಹೆಂಡತಿಯ ಟ್ರಂಕಿನಲ್ಲಿ ಸಿಕ್ಕಿತ್ತು. ಅದಕ್ಕೆ ಹುಡುಗಿ ಪಟ್ಟ ಸಂತೋಷ ನೋಡಬೇಕಿತ್ತು. ವಾದ ಮಂಡನೆಯ ಪುಸ್ತಕಗಳಲ್ಲಿ ಈ ಓಡಾಟದ ಪಾಠ ಇಲ್ಲ. ಜೀವನಾಂಶ ಸಿಗುವುದು ಮಾತ್ರ ಇದರಿಂದ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು, 2019ರಿಂದ 21ರದ್ದು, ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ ಎಂದಿತು. ಹಿಂದಿನ ಸುತ್ತಿನಲ್ಲಿ ಅದು ಶೇ 20.6 ಇತ್ತು; ಇಡೀ ದೇಶದ ಪ್ರಮಾಣ ಶೇ 29.3. ಹಿಂಸೆ ಹೆಚ್ಚಿತೋ, ಹೇಳುವ ಬಾಯಿ ಹೆಚ್ಚಿತೋ ಎಂದು ತಜ್ಞರು ವಾದಿಸಲಿ. ಎರಡೂ ಇರಬಹುದು. ಹೇಳಿದವರಿಗೆ ಉತ್ತರ ಕೊಡುವ ಜವಾಬ್ದಾರಿಯಂತೂ ಹೆಚ್ಚಿದೆ. ಈ ನಾಡಿನಲ್ಲಿ ಆ ಉತ್ತರ ಮೊದಲು ಕೊಟ್ಟವರು ಸರ್ಕಾರದವರಲ್ಲ. 1979ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿಮೋಚನಾ ಸಂಘಟನೆಯ ಹೆಂಗಸರು 1990ರ ದಶಕದ ಕೊನೆಯಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ, "ಸ್ಟವ್ ಸಿಡಿದು" ಎಂದು ದಾಖಲಾಗುತ್ತಿದ್ದ ಸಾವುಗಳ ಹಿಂದಿನ ಸತ್ಯ ಕೆದಕಿದರು. ಸಾಯುವವಳ ಬಾಯಿಮಾತನ್ನು ಅವಳ ಮಾತಿನಲ್ಲೇ ಬರೆದುಕೊಳ್ಳುವುದು ಏಕೆ ಮುಖ್ಯವೆಂದು ಅವರು ಅಂದೇ ತೋರಿಸಿದ್ದರು. ಸೋಂಪುರದ ಅಂಗನವಾಡಿಯಲ್ಲಿ ನಡೆದದ್ದು ಆ ಕೆಲಸದ ಮುಂದುವರಿಕೆ. ಇಲ್ಲಿ ಆಕೆ ಬದುಕಿದ್ದಾಳೆ, ಅದೇ ದೊಡ್ಡ ವ್ಯತ್ಯಾಸ.

ಸೀನಿಯರ್ ತಮ್ಮ ಇಂಟರ್ನ್‌ಗಳಿಗೆ ಹೇಳುವ ಕೆಲವು ಮಾತು ಇಲ್ಲಿ ಬರೆಯಬೇಕು. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಬೇಡ. ಬಿಟ್ಟು ಬಾ ಎಂದೂ ಹೇಳಬೇಡ, ಇರು ಎಂದೂ ಹೇಳಬೇಡ; ತೀರ್ಮಾನ ಅವಳದು. ಕೇಸು ಗೆದ್ದೇ ಗೆಲ್ಲುತ್ತೇವೆ ಎಂದು ಮಾತು ಕೊಡಬೇಡ. ಅವಳ ಕಥೆಯನ್ನು ಹಾಸ್ಟೆಲಿನಲ್ಲಿ ಗೆಳತಿಗೂ ಹೇಳಬೇಡ. ಈ ಹುಡುಗಿ ತುಂಬ ಕಷ್ಟಪಟ್ಟು ತಯಾರಿಸಿದ ಒಂದು ಅರ್ಜಿಯ ಹೆಂಗಸು ಆದೇಶ ಬರುವ ಮೊದಲೇ ಗಂಡನ ಮನೆಗೆ ಮರಳಿದ್ದರಂತೆ. ಅವತ್ತು ಇವಳು ಊಟ ಬಿಟ್ಟಿದ್ದಳು. ಸೀನಿಯರ್ ಗದರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಟಿಪ್ಪಣಿಯ ಫೈಲನ್ನು ಜೋಪಾನವಾಗಿ ಎತ್ತಿಡಲು ಹೇಳಿದರು. ಮತ್ತೆ ಹಿಂಸೆಯಾದರೆ ಮತ್ತೆ ಅರ್ಜಿ ಹಾಕಲು ಕಾನೂನಿನ ಅಡ್ಡಿಯಿಲ್ಲ. ಆಗ ಬರುವವಳಿಗೆ ಎಲ್ಲವನ್ನೂ ಮೊದಲಿನಿಂದ ಹೇಳುವ ಸಂಕಟ ಬೇಡ.

ಸೋಂಪುರ ಇರುವುದು ಬೆಂಗಳೂರಿಗೂ ತುಮಕೂರಿಗೂ ನಡುವೆ. ಆ ಕಡೆ ನ್ಯಾಷನಲ್ ಲಾ ಸ್ಕೂಲ್, ಯೂನಿವರ್ಸಿಟಿ ಲಾ ಕಾಲೇಜು, ರೇಣುಕಾಚಾರ್ಯ ಕಾನೂನು ಕಾಲೇಜು; ಈ ಕಡೆ ತುಮಕೂರಿನ ವಿದ್ಯೋದಯ. ಎರಡೂ ಊರಿನಿಂದ ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆ ಸೇರಬಹುದು. ಕಾನೂನು ಕಾಲೇಜುಗಳ ಪ್ರಾಂಶುಪಾಲರಲ್ಲಿ ನನ್ನ ವಿನಂತಿ ಇಷ್ಟೇ: ನಿಮ್ಮ ವಿದ್ಯಾರ್ಥಿಗಳ ಕಡ್ಡಾಯ ಇಂಟರ್ನ್‌ಶಿಪ್ಪಿನ ವಾರಗಳಲ್ಲಿ ನಾಲ್ಕನ್ನಾದರೂ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿಗೆ ಮೀಸಲಿಡಿ, ಹುಡುಗರನ್ನೂ ಕಳಿಸಿ. ಗೃಹಿಣಿಯರಲ್ಲಿ, ಫ್ಯಾಕ್ಟರಿಗೆ ಹೋಗುವ ಹೆಣ್ಣುಮಕ್ಕಳಲ್ಲಿ, ಅವರ ಪಕ್ಕದ ಮನೆಯವರಲ್ಲಿ ಇನ್ನೊಂದು ಮಾತು. ಏಟು ಬೀಳುತ್ತಿರುವಾಗ ಕರೆಯಬೇಕಾದ್ದು 112. ಮಹಿಳಾ ಸಹಾಯವಾಣಿ 181. ಉಚಿತ ವಕೀಲರು ಬೇಕೆಂದರೆ 15100. ಈ ಮೂರು ನಂಬರನ್ನು ಇವತ್ತೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ನಿಮಗೆ ಬೇಡವಾದರೂ ಗೋಡೆಯಾಚೆಯವರಿಗೆ ಬೇಕಾಗಬಹುದು.